ಒಗೆಯದ ಸೀರೆ

ಗುಲಬರ್ಗಾ
೧೨ ಜೂನ್ ೧೯೮೫

ಮೌನಕ್ಕನಿಗೆ ದೇವಕಿಯ ಶರಣು.

ಸುಖವಾಗಿ ಬಂದು ಮುಟ್ಟಿದೆ ಅಂತ ಬರೆಯಬೇಕು, ಮುಟ್ಟಿದ್ದೇನೆ. ಸುಖದ ಮಾತು ಬೇಡ. ನರ್ಸಮ್ಮನ ತರಬೇತಿಗೆ ಬಂದವರು ಒಂದು ಕೋಣೆಯಲ್ಲಿ ಎಂಟು ಮಂದಿ ಇದ್ದೇವೆ. ಕೂಸುಗಳನ್ನು ಕರೆತರುವ ಹಾಗಿಲ್ಲ ಅಂತ ಗೋಡೆಗೇ ಬರೆದು ಹಾಕಿದ್ದಾರೆ. ಹದಿನೆಂಟು ತಿಂಗಳು ಹೇಗೆ ಕಳೆಯಲಿ?

ನಿಮ್ಮ ತಮ್ಮ ಕಾಮಾಲೆಯಲ್ಲಿ ಹೋಗದೇ ಇದ್ದಿದ್ದರೆ ಈ ನೌಕರಿಯ ಆಸೆ ನನಗೆ ಯಾಕೆ ಬರುತ್ತಿತ್ತು? ಈ ಸೀಟು ಬಿಟ್ಟರೆ ಕೂಸು ಮರಿಲಿಂಗನನ್ನು ಬೆನ್ನಿಗೆ ಕಟ್ಟಿಕೊಂಡು ಕಂಡವರ ಹೊಲದಲ್ಲಿ ಕಳೆ ಕೀಳಬೇಕು. ಅದು ನಿಮಗೂ ಗೊತ್ತು. ಆದರೂ ಹೊರಡುವ ಮುಂಚಿನ ವಾರ ಎದೆಗೆ ಬೇವಿನೆಲೆ ಅರೆದು ಹಚ್ಚಿಕೊಂಡು ಅವನಿಗೆ ಹಾಲು ಬಿಡಿಸಿದ್ದು ನೆನಪಾದರೆ ತಟ್ಟೆ ಬಿಟ್ಟು ಏಳುತ್ತೇನೆ. ಅವನು ಬಾಯಿ ಹಾಕಿ, ಮುಖ ಕಿವುಚಿ, ಮತ್ತೆ ನನ್ನನ್ನೇ ನೋಡಿದ. ಐದು ತಿಂಗಳ ಕೂಸು ಕೊನೆಗೆ ನನ್ನಿಂದ ಪಡೆದದ್ದು ಆ ಕಹಿ.

ನಾನು ಹೊರಟಾಗ ಜೋಳಿಗೆ ತೊಟ್ಟಿಲಲ್ಲಿ ಮಲಗಿದ್ದ. ಒಮ್ಮೆ ಎತ್ತಿಕೊಳ್ಳುತ್ತೇನೆ ಅಂದೆ. ನೀವು "ಎಬ್ಬಸಬ್ಯಾಡ, ಎದ್ದ್ರ ನಿನ್ನ ಬಿಡಂಗಿಲ್ಲ, ಸುಮ್ಮ ಹೋಗು" ಅಂದಿರಿ. ಸುಮ್ಮನೆ ಹೋದೆ.

ಗೂಟಕ್ಕೆ ನನ್ನ ನೀಲಿ ಸೀರೆ ಬಿಟ್ಟು ಬಂದಿದ್ದೇನೆ. ಹಾಲೂಡುವಾಗ ಉಡುತ್ತಿದ್ದದ್ದು ಅದೇ. ಬೇಕಂತಲೇ ಒಗೆದಿಲ್ಲ. ನೀವೂ ಒಗೆಯಬೇಡಿ. ಮಲಗುವಾಗ ಅವನ ಮಗ್ಗುಲಿಗೆ ಇಡಿ. ನಾನಿಲ್ಲದಿದ್ದರೂ ನನ್ನ ವಾಸನೆಯಾದರೂ ಇರಲಿ.

ನಿಮ್ಮ
ದೇವಕಿ


ಶಿರವಾಳ
೨೧ ಜೂನ್ ೧೯೮೫

ದೇವಕಿಗೆ ಮೌನಮ್ಮನ ಆಶೀರ್ವಾದ.

ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರು ಬಡಿದು ಕಲಿಸಿದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಗೆಳತಿಯರ ಮುಂದೆ ಓದಿ ನಗಬೇಡ.

ಮೊದಲ ಎರಡು ದಿನ ನಿನ್ನ ಮಗ ನನ್ನನ್ನು ಅರೆದು ಹಾಕಿದ. ಆಡಿನ ಹಾಲು ಕಾಸಿ ಆರಿಸಿ ಚಮಚದಲ್ಲಿ ಹಿಡಿದರೆ ತುಟಿ ಬಿಗಿದುಕೊಂಡ. ನಮ್ಮ ಮನೆಯವರು ಕಾಲುವೆ ಕೆಲಸಕ್ಕೆ ಕಲ್ಲು ಹೇರಿ ಬಂದು ಗಾಡಿ ಬಿಚ್ಚುತ್ತ, "ಕೂಸಿಗಿ ಹಾಲು ಕುಡಸಾಕತ್ತೀಯೋ, ಕುಸ್ತಿ ಹಿಡ್ಯಾಕತ್ತೀಯೋ?" ಅಂದರು. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು ಸಾಕಿ ಗಂಡನ ಮನೆಗೆ ಕಳಿಸಿದವಳಿಗೆ ಈ ಮಾತು ಕೇಳುವ ಹಣೆಬರಹ ಬಂತು.

ಈಗ ಕುಡಿಯುತ್ತಾನೆ. ನಿನ್ನ ಸೀರೆಯದೇ ಪುಣ್ಯ. ಅದಿದ್ದರೆ ಬಟ್ಟಲು ಖಾಲಿ, ಇಲ್ಲದಿದ್ದರೆ ಊರೆಲ್ಲ ಕೇಳುವ ಹಾಗೆ ರಾಗ. ನೀನು ಓದುವುದರ ಕಡೆ ಲಕ್ಷ್ಯ ಕೊಡು. ಬಸವಂತ್ರಾಯನ ಮಗ ನನ್ನ ಕೈಯಲ್ಲಿ ಸೊರಗುವುದಿಲ್ಲ. ಮಲಗಿದಾಗ ಹುಬ್ಬು ಗಂಟಿಕ್ಕುವುದು ಥೇಟ್ ನನ್ನ ತಮ್ಮನ ಹಾಗೇ.

ಮೌನಮ್ಮ


ಗುಲಬರ್ಗಾ
೧೪ ಜುಲೈ ೧೯೮೫

ಅಕ್ಕ,

ನಿಮ್ಮ ಪತ್ರ ತಲೆದಿಂಬಿನ ಕೆಳಗಿದೆ. ಸೀರೆ ಇದ್ದರೆ ಕುಡಿಯುತ್ತಾನೆ ಅಂತ ಬರೆದಿರಲ್ಲ, ಆ ಸಾಲು ಬಾಯಿಪಾಠವಾಗಿದೆ. ಅಂದರೆ ಅವನಿಗೆ ನಾನು ನೆನಪಿದ್ದೇನೆ.

ಇಲ್ಲಿ ಪಾರ್ವತೆಮ್ಮ ಅಂತ ಒಬ್ಬರು ಸಿಸ್ಟರ್ ನಮಗೆ ಕೂಸುಗಳ ವಿಷಯ ಪಾಠ ಮಾಡುತ್ತಾರೆ. ಮೊದಲ ತಿಂಗಳುಗಳಲ್ಲಿ ಕೂಸು ಯಾರು ಎತ್ತಿಕೊಂಡರೂ ಹೋಗುತ್ತದಂತೆ. ಆಮೇಲೆ ತಾನೇ ಒಬ್ಬರನ್ನು ಆರಿಸಿಕೊಳ್ಳುತ್ತದಂತೆ. ಅತ್ತಾಗ ಯಾರು ಬರುತ್ತಾರೆ, ಹಸಿದಾಗ ಯಾರ ಕೈ ಸಿಗುತ್ತದೆ, ಅದರ ಮೇಲೆ. ಏಳೆಂಟು ತಿಂಗಳಿಗೆ ಹೊಸಬರ ಮುಖ ಕಂಡರೆ ಕೂಸು ಚೀರತೊಡಗಿದರೆ ತಾಯಂದಿರು ದೃಷ್ಟಿ ತೆಗೆಯುತ್ತಾರೆ. ಅದು ದೃಷ್ಟಿಯಲ್ಲ, ತನ್ನವರು ಯಾರು ಅಂತ ಅದಕ್ಕೆ ಗೊತ್ತಾಗಿದೆ ಅಂತ ಹೇಳಿದರು. ನಾನು ಎದ್ದು ನಿಂತು, "ಕಣ್ಣಿಗೆ ಕಾಣದವರನ್ನೂ ಆರಿಸಿಕೊಳ್ತದೇನ್ರಿ?" ಅಂತ ಕೇಳಿದೆ. ಅವರು "ಕೂಡು" ಅಂದರು.

ದಸರಾಕ್ಕೆ ರಜೆ ಕೊಡುತ್ತಾರೆ. ಸೀರೆ ಒಗೆಯಬೇಡಿ.

ದೇವಕಿ


ಶಿರವಾಳ
೨ ಸೆಪ್ಟೆಂಬರ್ ೧೯೮೫

ದೇವಕಿ,

ನಿನ್ನ ಮಗ ಈಗ ತೆವಳುತ್ತಾನೆ. ನಿನ್ನ ಸೀರೆ ಕಂಡರೆ ಅಂಗಳದ ಆ ತುದಿಯಿಂದ ಈ ತುದಿಗೆ ಬರುತ್ತಾನೆ, ಮೊಣಕಾಲಿನ ಸಿಪ್ಪೆ ಕಿತ್ತರೂ ಅವನಿಗೆ ಪರಿವೆಯಿಲ್ಲ. ಮೊನ್ನೆ ಪಕ್ಕದ ಮನೆಯ ಲಾಲಮ್ಮ ಎತ್ತಿಕೊಂಡಳು. ಅವಳ ಮೂಗು ನೋಡಿ ಬಾಯಿ ತೆರೆದವನು ಅವಳು ಇಳಿಸುವ ತನಕ ಮುಚ್ಚಲಿಲ್ಲ. "ನಿಮ್ಮ ಕೂಸಿಗಿ ಭಾಳ ಸೊಕ್ಕು ಬಿಡವಾ" ಅಂತ ಸಿಟ್ಟಾಗಿ ಹೋದಳು. ನನಗೆ ಒಳಗೊಳಗೆ ಖುಷಿಯಾಯಿತು. ಯಾಕೆ ಅಂತ ಕೇಳಬೇಡ.

ಕಾಲುವೆಯ ಅಗೆತ ನಮ್ಮ ಹೊಲದ ಬದುವಿನವರೆಗೆ ಬಂದಿದೆ. ಮಣ್ಣಿನ ಲಾರಿ ಹೋದಾಗೆಲ್ಲ ಅವನು ಬೆಚ್ಚಿ ನನ್ನ ಸೆರಗಿನೊಳಗೆ ಹೊಗುತ್ತಾನೆ.

ದಸರಾಕ್ಕೆ ಬರುತ್ತೇನೆ ಅಂದಿದ್ದೀಯ. ಬಾ. ಪರೀಕ್ಷೆ ಗಿರೀಕ್ಷೆ ಇದ್ದರೆ ಬಿಡು, ಬರದಿದ್ದರೂ ನಡೆದೀತು. ಬಂದು ಎರಡು ದಿನ ಇದ್ದು ಹೋದರೆ ಅವನಿಗೂ ಕಷ್ಟ, ನಿನಗೂ ಕಷ್ಟ.

ಮೌನಮ್ಮ


ಗುಲಬರ್ಗಾ
೨೯ ಅಕ್ಟೋಬರ್ ೧೯೮೫

ಮೌನಮ್ಮ ಅವರಿಗೆ,

ಬರದಿದ್ದರೂ ನಡೆದೀತು ಅಂತ ನೀವು ಯಾಕೆ ಬರೆದಿರಿ ಅಂತ ಈಗ ತಿಳಿಯಿತು.

ಬಸ್ಸಿಳಿದು ಓಡುತ್ತ ಬಂದೆ. ನೀವು ನನ್ನ ನೀಲಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಿರಿ. ನನ್ನ ಮಗ ನನ್ನದೇ ಸೆರಗಿನ ಮರೆಯಿಂದ ನನ್ನನ್ನು ನೋಡಿದ. ತರಬೇತಿಯ ಬಿಳಿ ಸೀರೆಯಲ್ಲಿ ಬಂದವಳನ್ನು ನೋಡಿ ಅವನು ಚೀರಿದ್ದು ಇನ್ನೂ ಕಿವಿಯಲ್ಲಿದೆ. ಕಿತ್ತು ಎತ್ತಿಕೊಂಡರೆ ಉಸಿರೇ ಹಿಡಿದ. ಲಾಲಮ್ಮ, "ಸೂಜಿ ಚುಚ್ಚೋರು ಬಂದಾರಂತ ಹೆದರ್ಯಾನ ಬಿಡ್ರಿ" ಅಂತ ನಕ್ಕಳು. ಹೆತ್ತವಳು ಸೂಜಿ ಚುಚ್ಚುವವಳಾದೆ. ಪಾರ್ವತೆಮ್ಮ ಸಿಸ್ಟರ್ ಹೇಳಿದ ಆ ಹೊಸಬರ ಮುಖ ನನ್ನದೇ ಅಂತ ನಾನು ಯಾವತ್ತೂ ಎಣಿಸಿರಲಿಲ್ಲ.

ಅದನ್ನು ಮಗ್ಗುಲಿಗೆ ಇಡಿ ಅಂದಿದ್ದೆ, ಉಟ್ಟುಕೊಳ್ಳಿ ಅಂದಿರಲಿಲ್ಲ. ನಾನು ಬರುವವರೆಗೆ ನನ್ನ ಜಾಗ ಹಿಡಿದಿರಲಿ ಅಂತ ಬಿಟ್ಟುಹೋದ ಸೀರೆಯಲ್ಲಿ ನೀವೇ ಕೂತುಬಿಟ್ಟಿರಿ. ನನ್ನ ಗಂಡನನ್ನು ದೇವರು ಒಯ್ದ. ಮಗನನ್ನು ನೀವು ಒಯ್ದಿರಿ.

ಒಂದು ದಿನ ಮುಂಚೆಯೇ ಹೊರಟದ್ದು ಅದಕ್ಕೇ. ಆಗಲೂ ಅವನು ಮಲಗಿದ್ದ.

ದೇವಕಮ್ಮ


ಶಿರವಾಳ
೧೭ ನವೆಂಬರ್ ೧೯೮೫

ದೇವಕಿ,

ನಿನ್ನ ಪತ್ರ ಓದಿ ಒಲೆಗೆ ಹಾಕಿದೆ. ಸಿಟ್ಟಿಗಲ್ಲ. ಮನೆಯವರ ಕೈಗೆ ಸಿಕ್ಕರೆ ನಿನ್ನ ಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ.

ಜೂನ್ ತಿಂಗಳಲ್ಲಿ ಅವನು ಎರಡು ದಿನ ಒಂದು ತೊಟ್ಟು ಕುಡಿಯಲಿಲ್ಲ. ನೆತ್ತಿ ಕುಳಿ ಬಿದ್ದಿತ್ತು. ಅದನ್ನು ನಿನಗೆ ಬರೆಯಲಿಲ್ಲ, ಬರೆದಿದ್ದರೆ ನೀನು ಓಡಿ ಬರುತ್ತಿದ್ದೆ, ಸೀಟು ಹೋಗುತ್ತಿತ್ತು. ಸೀರೆ ಮಗ್ಗುಲಿಗೆ ಇಟ್ಟೆ. ಅದರಲ್ಲಿ ಮುಖ ಹುದುಗಿಸಿ ಹುಡುಕಿದ, ಹುಡುಕಿ ಸಿಗದೆ ಇನ್ನೂ ಜೋರಾಗಿ ಅತ್ತ. ಖಾಲಿ ಸೀರೆ ಅವನಿಗೆ ಏನು ಕೊಟ್ಟೀತು? ಅದಕ್ಕೇ ನಾನು ಉಟ್ಟುಕೊಂಡೆ. ಆಗ ಕುಡಿದ. ಮರುದಿನವೂ ಉಟ್ಟೆ. ಬಿಡುವ ದಿನ ಯಾವುದು ಅಂತ ನನಗೆ ಗೊತ್ತಾಗಲಿಲ್ಲ. ನನ್ನ ತಮ್ಮನ ಕೂಸು ಬದುಕಲಿ ಅಂತ ಮಾಡಿದ್ದು. ಆಮೇಲೆ ಅವನು ನನ್ನ ಕಡೆ ತೆವಳಿ ಬರುವಾಗ ನನಗೂ ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಿನ್ನ ಸೀರೆಯನ್ನು ಸಾಬೂನು ಹಚ್ಚಿ ಹಳ್ಳದಲ್ಲಿ ಒಗೆದು ಬಿಸಿಲಿಗೆ ಹಾಕಿ ಮಡಚಿ ಕಳಿಸಿದ್ದೇನೆ. ಈಗ ಅದರಲ್ಲಿ ನನ್ನ ವಾಸನೆ ಇಲ್ಲ.

ಮರಿ ಆರಾಮಾಗಿದ್ದಾನೆ.

ಮೌನಮ್ಮ


ಗುಲಬರ್ಗಾ
೧೮ ಫೆಬ್ರುವರಿ ೧೯೮೬

ಅಕ್ಕ,

ಗಂಟು ಬಂದು ಎಷ್ಟೋ ದಿನವಾಯಿತು. ಸೀರೆಯಲ್ಲಿ ಮುಖ ಇಟ್ಟು ನೋಡಿದೆ. ಸಾಬೂನು, ಬಿಸಿಲು, ಅಷ್ಟೇ. ನನ್ನದೂ ಇಲ್ಲ, ಅವನದೂ ಇಲ್ಲ.

ನಾನು ಬರೆದ ಮಾತುಗಳನ್ನು ಬರೆಯಬಾರದಿತ್ತು. ಸೀರೆ ಕಳಿಸಿದ ಮೇಲೆ ಅವನು ಹೇಗಿದ್ದ? ಅದಕ್ಕಾಗಿ ಅತ್ತನೇ? ನಿಜ ಬರೆಯಿರಿ.

ದೇವಕಿ


ಶಿರವಾಳ
೯ ಮಾರ್ಚ್ ೧೯೮೬

ದೇವಕಿ,

ಅತ್ತ. ಮರೆತ. ಮಕ್ಕಳಲ್ಲವೇ. ಈಗ ನಡೆಯುತ್ತಾನೆ, ಆಡಿನ ಮರಿಯ ಹಿಂದೆ ಹೋಗಿ ಬಿದ್ದು ಎದ್ದು ನಗುತ್ತಾನೆ. ಜ್ವರ ಬಂದಿತ್ತು, ಹೋಗಿದೆ.

ನಿನ್ನ ಮದುವೆಯ ಫೋಟೋ ಗೋಡೆಯಿಂದ ಇಳಿಸಿ ದಿನಾ ಅವನಿಗೆ ತೋರಿಸುತ್ತಿದ್ದೇನೆ. "ಇಕಿ ಯಾರಪ್ಪಾ? ಅವ್ವ ಅನ್ನು" ಅಂದರೆ "ಅವ್ವ" ಅನ್ನುತ್ತಾನೆ. ನನಗೆ "ಅತ್ತಿ" ಅನ್ನಲು ಕಲಿಸಿದ್ದೇನೆ. ಮೊದಲು ನನಗೆ ಬೇರೆ ಏನೋ ಅನ್ನುತ್ತಿದ್ದ, ಅದನ್ನು ಬಿಡಿಸಿದ್ದೇನೆ. ನೀನು ಬಂದಾಗ ಗೊಂದಲ ಆಗುವುದು ಬೇಡ.

ಮೌನಮ್ಮ


ಗುಲಬರ್ಗಾ
೫ ಡಿಸೆಂಬರ್ ೧೯೮೬

ಅಕ್ಕ,

ಪಾಸಾದೆ. ಸುರಪುರ ತಾಲೂಕು ಕಕ್ಕೇರಾದ ಕಡೆ ಒಂದು ಕಾಲುವೆ ಕ್ಯಾಂಪಿನ ಆರೋಗ್ಯ ಉಪಕೇಂದ್ರಕ್ಕೆ ಹಾಕಿದ್ದಾರೆ. ಅಲ್ಲಿ ಕಾಲುವೆಗೆ ನೀರು ಬಂದಿದೆಯಂತೆ. ಭತ್ತದ ಜೊತೆ ಸೊಳ್ಳೆಗಳೂ ಬಂದಿವೆಯಂತೆ. ಚಳಿಜ್ವರದವರ ಬೆರಳು ಚುಚ್ಚಿ ರಕ್ತ ತೆಗೆಯುವುದು ನನ್ನ ಮೊದಲ ಕೆಲಸ. ಇರಲು ಒಂದು ಕೋಣೆ ಕೊಡುತ್ತಾರೆ.

ಸಂಕ್ರಾಂತಿ ಕಳೆದು ಬಂದು ಮರಿಯನ್ನು ಕರೆದೊಯ್ಯುತ್ತೇನೆ. ಅವನು ನನ್ನ ಹತ್ತಿರ ಬರದಿದ್ದರೆ ಅನ್ನುವ ಹೆದರಿಕೆಯ ಮುಂದೆ ಪರೀಕ್ಷೆಯ ಹೆದರಿಕೆ ಏನೂ ಅಲ್ಲ. ಆದರೂ ಒಯ್ಯಲೇಬೇಕು. ಅವನಿಗಾಗಿ ಬಿಟ್ಟು ಬಂದವಳು ಈಗ ಅವನನ್ನೇ ಬಿಟ್ಟರೆ ಈ ನೌಕರಿ ಯಾತಕ್ಕೆ?

ದೇವಕಿ


ಶಿರವಾಳ
೧೬ ಡಿಸೆಂಬರ್ ೧೯೮೬

ದೇವಕಿ,

ನಿನ್ನ ಮಗ, ನೀನು ಒಯ್ಯಬೇಕಾದ್ದೇ. ಊರಿಗೆಲ್ಲ ಸಕ್ಕರೆ ಹಂಚಿ ಬಂದೆ.

ಅವನು ರೊಟ್ಟಿಯ ನಡುವಿನ ಮೆತ್ತನೆಯ ಭಾಗ ಮಾತ್ರ ತಿನ್ನುತ್ತಾನೆ. ತಲೆ ತೊಳೆಯುವಾಗ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ಮಲಗುವಾಗ ನನ್ನ ಕಿವಿ ಹಿಡಿದುಕೊಳ್ಳುತ್ತಾನೆ, ಓಲೆ ಇರುವ ಕಡೆ. ನೀನು ಕಿವಿಗೆ ಏನಾದರೂ ಹಾಕಿಕೊಂಡು ಬಾ, ಬರಿಗಿವಿಯಲ್ಲಿ ಬರಬೇಡ.

ಹೊರಡುವ ದಿನ ಅವನು ನಿದ್ದೆಯಲ್ಲಿರುವಾಗಲೇ ಎತ್ತಿಕೊಂಡು ಬಸ್ಸು ಹತ್ತು. ನಾನು ಆ ಹೊತ್ತಿಗೆ ಹೊಲಕ್ಕೆ ಹೋಗಿರುತ್ತೇನೆ. ಎದುರಿಗಿದ್ದರೆ ಅವನು ಬಿಡುವುದಿಲ್ಲ. ನಾನೂ ಬಿಡುತ್ತೇನೋ ಇಲ್ಲವೋ.

ಮೌನಮ್ಮ


ಕಕ್ಕೇರಾ
೨ ಫೆಬ್ರುವರಿ ೧೯೮೭

ಅಕ್ಕ,

ಶಹಾಪುರ ದಾಟಿದ ಮೇಲೆ ಎಚ್ಚರಾದ. ನನ್ನನ್ನು ನೋಡಿದ, ಕಿಟಕಿ ನೋಡಿದ, ಆಮೇಲೆ "ಅತ್ತೀ" ಅಂತ ಶುರು ಮಾಡಿದವನು ಸುರಪುರದಲ್ಲಿ ಬಸ್ಸು ಬದಲಿಸುವ ತನಕ ನಿಲ್ಲಿಸಲಿಲ್ಲ. ಇಲ್ಲಿಗೆ ಬಂದು ಕೆಲವು ದಿನ ಬಾಗಿಲಿಗೆ ತಲೆ ಬಡಿದುಕೊಂಡು ಅತ್ತ. ಓಲೆ ಹಾಕಿಕೊಂಡಿದ್ದೆ, ಕಿವಿ ಮುಟ್ಟಲಿಲ್ಲ.

ಈಗ ಶಾಂತನಾಗಿದ್ದಾನೆ. ಕೊಟ್ಟದ್ದು ತಿನ್ನುತ್ತಾನೆ, ಕೂರಿಸಿದಲ್ಲಿ ಕೂರುತ್ತಾನೆ. ಉಪಕೇಂದ್ರದಲ್ಲಿ ಕಸ ಹೊಡೆಯುವ ಚಾಂದಬೀ, "ಇಷ್ಟು ಶಾಣ್ಯಾ ಕೂಸು ನಾ ಎಲ್ಲೂ ನೋಡಿಲ್ರಿ ಬಾಯಿ, ದನೀನಽ ಇಲ್ಲ" ಅನ್ನುತ್ತಾಳೆ. ನಾನು ಹೊರಗೆ ಹೋದರೂ ಅಳುವುದಿಲ್ಲ, ಯಾರು ಕರೆದರೂ ಹೋಗುತ್ತಾನೆ. ನೀವು ಚಿಂತೆ ಮಾಡಬೇಡಿ, ಹೊಂದಿಕೊಂಡ.

ಜೊತೆಗೆ ತಂದ ಮದುವೆಯ ಫೋಟೋ ಇಲ್ಲಿ ಗೋಡೆಗಿದೆ, ಅದನ್ನು ಕಂಡರೆ "ಅವ್ವ" ಅನ್ನುತ್ತಾನೆ. ನನಗೆ ಇನ್ನೂ ಏನೂ ಅನ್ನುವುದಿಲ್ಲ. ನಿಧಾನವಾಗಿ ಅಂದಾನು.

ದೇವಕಿ


ಶಿರವಾಳ
೧೦ ಫೆಬ್ರುವರಿ ೧೯೮೭

ದೇವಕಿ,

ಯಾರು ಕರೆದರೂ ಹೋಗುತ್ತಾನೆ ಅಂತ ಬರೆದಿದ್ದೀಯ. ನಮ್ಮ ಮರಿ? ಲಾಲಮ್ಮನ ಮೂಗು ಕಂಡರೆ ಊರು ಎಬ್ಬಿಸುತ್ತಿದ್ದವನು?

ಶಾಣ್ಯಾ ಕೂಸು ಅಂತ ಹೆಮ್ಮೆ ಪಡಬೇಡ ತಂಗಿ. ಒಂದು ಮಾತು ಕೇಳುತ್ತೇನೆ. ಅವನು ನಗುತ್ತಾನೆಯೇ?

ಮೌನಮ್ಮ


ಕಕ್ಕೇರಾ
೨೭ ಫೆಬ್ರುವರಿ ೧೯೮೭

ಅಕ್ಕ,

ಇಲ್ಲ.

ನಿಮ್ಮ ಒಂದು ಸಾಲಿನ ಪ್ರಶ್ನೆಗೆ ಉತ್ತರ ಹುಡುಕುತ್ತ ಇಷ್ಟು ದಿನ ಅವನನ್ನೇ ನೋಡಿದೆ. ಬಿದ್ದರೆ ಅಳುವುದಿಲ್ಲ, ತಾನೇ ಎದ್ದು ಮಣ್ಣು ಕೊಡವಿಕೊಳ್ಳುತ್ತಾನೆ. ನಾನು ಊರೂರು ತಿರುಗಿ ಬಂದರೆ ತಲೆ ಎತ್ತಿ ನೋಡಿ ಮತ್ತೆ ಖಾಲಿ ಔಷಧಿ ಬಾಟಲಿಗಳನ್ನು ಸಾಲಾಗಿ ಇಡುತ್ತಾನೆ.

ಪಾರ್ವತೆಮ್ಮ ಸಿಸ್ಟರ್ ಒಂದು ದಿನ ವಾರ್ಡಿನಲ್ಲಿ ಹೇಳಿದ್ದು ನೆನಪಾಯಿತು. ತನ್ನವರಿಂದ ಅಗಲಿಸಿ ಮಲಗಿಸಿದ ಕೂಸು ಮೊದಲು ಚೀರುತ್ತದೆ, ಆಮೇಲೆ ಸೊರಗುತ್ತದೆ, ಕೊನೆಗೆ ಸುಮ್ಮನಾಗುತ್ತದೆ. "ಆ ಸುಮ್ಮನಿರೋದಕ್ಕ ಮೋಸ ಹೋಗಬ್ಯಾಡ್ರಿ, ಅದು ಆರಾಮಾಗಿಲ್ಲ, ಕರೆಯೋದು ಬಿಟ್ಟದ" ಅಂದಿದ್ದರು. ಬರೆದುಕೊಂಡಿದ್ದೆ. ಮಾರ್ಕು ಕೂಡ ಬಂದಿತ್ತು. ನನ್ನ ಮನೆಯಲ್ಲೇ ಅದು ಕೂತಾಗ ಹೊಂದಿಕೊಂಡ ಅಂತ ನಿಮಗೆ ಬರೆದೆ.

ನೀಲಿ ಸೀರೆ ಕಳಿಸುತ್ತಿದ್ದೇನೆ. ನೀವು ಒಗೆದು ಕಳಿಸಿದಂದಿನಿಂದ ಮಡಿಕೆ ಬಿಚ್ಚಿಲ್ಲ. ಉಟ್ಟುಕೊಳ್ಳಿ. ಅಡಿಗೆ ಮಾಡುವಾಗ, ಹಾಲು ಕರೆಯುವಾಗ, ಹೊಲಕ್ಕೆ ಹೋಗುವಾಗ ಉಟ್ಟುಕೊಳ್ಳಿ. ಆಮೇಲೆ ನನಗೆ ಕಳಿಸಿ. ಒಗೆಯಬೇಡಿ.

ದೇವಕಿ


ಶಿರವಾಳ
೧೪ ಮಾರ್ಚ್ ೧೯೮೭

ದೇವಕಿ,

ಸೀರೆ ಈ ಪತ್ರದ ಜೊತೆ ಇದೆ. ಬೆವರು, ಸಗಣಿ, ಒಗ್ಗರಣೆ ಎಲ್ಲ ಸೇರಿದೆ. ನಿನ್ನ ಮೂಗು ನರ್ಸಮ್ಮನದು, ಸಹಿಸಿಕೋ. ಅವನ ಮೈಮೇಲೆ ಹೊದಿಸಬೇಡ, ನೀನು ಉಟ್ಟುಕೋ.

ನಿನಗೆ ಹೇಳದ ಎರಡು ಸಂಗತಿ ಇವೆ. ಆ ವರ್ಷ ಸೀರೆ ನಿನಗೆ ಕಳಿಸಿದ ಮೇಲೆ ಅವನು ಗೂಟದ ಕೆಳಗೆ ಕೂತು ಮೇಲೆ ನೋಡುತ್ತಿದ್ದ. ಜ್ವರ ಬಂದದ್ದು ಆಗಲೇ. ನಾನು ಇದ್ದೆ, ಆದ್ದರಿಂದ ಉಳಿದ.

ಎರಡನೆಯದು. ಹೋದ ತಿಂಗಳು ಸುರಪುರದ ಸಂತೆಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ ನಿನ್ನ ಕ್ಯಾಂಪಿಗೆ ಬಂದಿದ್ದೆ. ನಿನ್ನ ಉಪಕೇಂದ್ರದ ಎದುರಿನ ಬೇವಿನ ಮರದ ಕೆಳಗೆ ನಿಂತೆ. ಅವನು ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ನೋಡಿದ. ಓಡಿ ಬರುತ್ತಾನೆ ಅಂತ ಸೆರಗು ಕಚ್ಚಿ ಹಿಡಿದೆ. ಅವನು ನೋಡಿ, ತಲೆ ತಗ್ಗಿಸಿ, ಬಾಟಲಿ ಎತ್ತಿಕೊಂಡ. ಮರೆತಿದ್ದಾನೆ, ಒಳ್ಳೆಯದಾಯಿತು, ಇನ್ನು ಅವನು ನಿನ್ನವನು ಅಂದುಕೊಂಡು ಅವನ ಕಣ್ಣು ತಪ್ಪಿಸಿ ಮರಳಿದೆ. ಬಸ್ಸಿನಲ್ಲಿ ಕಂಡಕ್ಟರ್ "ಯಾರರೆ ಸತ್ತಾರೇನವಾ?" ಅಂತ ಕೇಳಿದ. ಹೌದು ಅಂದೆ.

ಇನ್ನು ನಾನು ಬರುವುದಿಲ್ಲ. ಮರೆತವನಿಗೆ ನೆನಪು ಮಾಡುವುದು ಬೇಡ.

ಮೌನಮ್ಮ


ಕಕ್ಕೇರಾ
೨೬ ಮಾರ್ಚ್ ೧೯೮೭

ಅಕ್ಕ,

ಅವನು ಮರೆತಿಲ್ಲ.

ಫೆಬ್ರುವರಿಯ ನಡುವಿನಿಂದ ಅವನಿಗೊಂದು ಹೊಸ ರೂಢಿ. ಬೆಳಿಗ್ಗೆ ಎದ್ದವನೇ ಅದೇ ಮೆಟ್ಟಿಲಿಗೆ ಹೋಗುತ್ತಾನೆ. ಒಳಗೆ ಕರೆತಂದರೆ ಮತ್ತೆ ಹೋಗುತ್ತಾನೆ. ಬೇವಿನ ಮರದ ಕಡೆ ಮುಖ ಮಾಡಿ ಕೂರುತ್ತಾನೆ. ಬಸ್ಸು ನೋಡುವ ಚಟ ಅಂತ ನಾನೂ ಚಾಂದಬೀಯೂ ನಗುತ್ತಿದ್ದೆವು. ಅಲ್ಲಿ ಯಾರು ನಿಂತಿದ್ದರು ಅಂತ ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು. ಬಾಟಲಿ ಇಟ್ಟು ತಲೆ ಎತ್ತಿದಾಗ ನೀವು ಇರಲಿಲ್ಲ, ಅಷ್ಟೇ ಅವನಿಗೆ ಗೊತ್ತು.

ನಿನ್ನೆ ಸೀರೆ ಉಟ್ಟುಕೊಂಡು ಅವನ ಹಿಂದೆ ಹೋಗಿ ಕೂತೆ. ಮೂಗು ಅರಳಿಸಿದ. ತಿರುಗಿ ನನ್ನ ಮುಖ ನೋಡಲಿಲ್ಲ, ಸೆರಗು ಹಿಡಿದು ಮುಖ ಒಳಗೆ ಹುದುಗಿಸಿದ. ಆಮೇಲೆ ಅತ್ತ. ಎರಡು ತಿಂಗಳಿನಿಂದ ಒಳಗಿಟ್ಟದ್ದೆಲ್ಲ ಹೊರಗೆ ಬಂದ ಹಾಗೆ ಅತ್ತ. "ಅತ್ತೀ, ಅತ್ತೀ" ಅಂತ ನನ್ನ ಎದೆಗೆ ಗುದ್ದಿದ. ನನ್ನ ತೊಡೆಯ ಮೇಲೆ ಕೂತು ನಿನ್ನ ಹೆಸರು ಹಿಡಿದು ಅತ್ತ. ನಾನು ಇಳಿಸಲಿಲ್ಲ, ಅವನೂ ಇಳಿಯಲಿಲ್ಲ. ಅಳು ಮುಗಿದ ಮೇಲೆ ಬಿಕ್ಕುತ್ತ ನನ್ನ ಕಿವಿ ಹಿಡಿದು ಮಲಗಿದ.

ಇದು ನನ್ನ ಗೆಲುವಲ್ಲ ಅಂತ ಗೊತ್ತು. ಅವನು ಹಿಡಿದದ್ದು ನಿನ್ನ ಕಿವಿ. ಆದರೂ ಮಗ ನನ್ನ ತೊಡೆಯ ಮೇಲೆ ಅತ್ತನಲ್ಲ, ಅಷ್ಟಕ್ಕೇ ನಾನೂ ಅತ್ತೆ.

ನೀ ಬಾ ಅಕ್ಕ. ಮರದ ಕೆಳಗೆ ನಿಲ್ಲಬೇಡ, ಮೆಟ್ಟಿಲು ಹತ್ತಿ ಒಳಗೆ ಬಾ. ನಾವಿಬ್ಬರೂ ಅವನ ನಿದ್ದೆ ಕಾಯ್ದು ಕಾಯ್ದು ಹೋದೆವು. ನಾನು ಎರಡು ಸಲ ಹೋದೆ. ನೀನು ಹೊಲಕ್ಕೆ ಹೋದೆ, ಮತ್ತೆ ಮರದ ಕೆಳಗಿಂದ ಅವನ ಕಣ್ಣು ತಪ್ಪಿಸಿ ಹೋದೆ. ಅಳು ನೋಡಲಾರದೆ ಹಾಗೆ ಮಾಡಿದೆವು. ಅವನಿಗೆ ಕಣ್ಣು ಮುಚ್ಚಲೂ ಹೆದರಿಕೆ ಕಲಿಸಿದೆವು. ಈಗಲೂ ಒಂದು ಕೈಯಲ್ಲಿ ಸೆರಗು ಸುತ್ತಿಕೊಂಡೇ ಮಲಗಿದ್ದಾನೆ.

ದೇವಕಿ


ಶಿರವಾಳ
೩ ಏಪ್ರಿಲ್ ೧೯೮೭

ದೇವಕಿ,

ನಿನ್ನ ಪತ್ರ ಮನೆಯವರಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಎತ್ತಿನ ಮೈ ತಿಕ್ಕುತ್ತ ನಿಂತರು. ಬಹಳ ಹೊತ್ತು ತಿಕ್ಕಿದರು.

ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ರೊಟ್ಟಿ ನಾನೇ ತರುತ್ತೇನೆ, ನಿನಗೆ ಮೆತ್ತಗೆ ಬಡಿಯಲು ಬರುವುದಿಲ್ಲ. ಮೂರು ದಿನ ಇರುತ್ತೇನೆ. ಆಮೇಲೆ ಮನೆಗೆ ಬರಲೇಬೇಕು, ಕಾಲುವೆಗೆ ನೀರು ಬಿಡುತ್ತಾರಂತೆ, ಹೊಲದ ಕೆಲಸ ಇದೆ. ನೀನು ಅವನನ್ನು ಮಲಗಿಸಬೇಡ. ಎಚ್ಚರ ಇದ್ದಾಗ, ಹಗಲಿನಲ್ಲಿ, ಎತ್ತಿಕೊಂಡು ಮುಖ ನೋಡಿ "ಮರೀ, ನಾ ಹೋಗಿ ಬರ್ತೀನಿ" ಅಂತ ಹೇಳುತ್ತೇನೆ. ಅಳುತ್ತಾನೆ, ಅಳಲಿ. ನಾನೂ ಅಳುತ್ತೇನೆ.

ಈ ಸಲ ಹೇಳಿ ಹೋಗುತ್ತೇನೆ.

ಮೌನಮ್ಮ